ಕಾಲಿನ ಬಲ ಇಲ್ಲದವರು ಈಜು ಕಲಿಯುವ ಕ್ರಮ

ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡವರು, ಬೈಕ್ ಅಪಘಾತದಲ್ಲಿ ಕಾಲು ಕಳೆದುಕೊಂಡವರು, ಚಿಕ್ಕಂದಿನಲ್ಲಿ ಪೋಲಿಯೊ ಬಂದು ಒಂದು ಕಾಲು ಸೊರಗಿದವರು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಎಲ್ಲೆಡೆ ಇದ್ದಾರೆ. ಇವರಲ್ಲಿ ಹೆಚ್ಚಿನವರನ್ನು ಮನೆಯವರು ನೀರಿನ ಹತ್ತಿರಕ್ಕೂ ಬಿಡುವುದಿಲ್ಲ. ಆದರೆ ದೇಹದ ಭಾರವನ್ನು ಹೊರಲಾರದ ಕಾಲಿಗೆ ನೀರಿನಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವುದು ದೇಹದ ತೂಕದ ಸುಮಾರು ಅರ್ಧ ಮಾತ್ರ; ಎದೆಮಟ್ಟದಲ್ಲಿ ಅದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳಿಕಾಂತ್ ಪೇಟ್ಕರ್ 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿ ಚಿನ್ನ ಗೆದ್ದರು. ಬೆನ್ನುಹುರಿಯ ಜನ್ಮಜಾತ ದೋಷದೊಂದಿಗೆ ಹುಟ್ಟಿದ ಬೆಂಗಳೂರಿನ ನಿರಂಜನ್ ಮುಕುಂದನ್ ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು. ಪದಕ ಎಲ್ಲರ ಗುರಿಯಾಗಬೇಕಿಲ್ಲ. ಸುರಕ್ಷಿತವಾಗಿ ನೀರಿಗಿಳಿದು, ಈಜಿ, ಮೇಲೆ ಬರುವುದು ಮಾತ್ರ ಸರಿಯಾದ ಕ್ರಮದಲ್ಲಿ ಕಲಿತ ಹೆಚ್ಚಿನವರಿಗೆ ಸಾಧ್ಯ.

ಆ ಕ್ರಮದ ಬಗ್ಗೆಯೇ ನಾನು ಒತ್ತಿ ಹೇಳಬೇಕಾಗಿದೆ. ಕೈಬೀಸು ಮೊದಲ ಪಾಠವಲ್ಲ. ಕೊಳದಿಂದ ಮೇಲೆ ಬರುವುದು, ಅಂಗಾತವಾಗಿ ತಿರುಗುವುದು, ಉಸಿರನ್ನು ಹಿಡಿತಕ್ಕೆ ತರುವುದು, ಇವು ಮೂರೂ ಬಂದ ಮೇಲೆ ಕೈಬೀಸು ಬರಬೇಕು. ಕಾಲು ಗಟ್ಟಿಯಿರುವವರು ಗಾಬರಿಯಾದರೆ ನೆಲಕ್ಕೆ ಕಾಲೂರಿ ನಿಂತುಬಿಡುತ್ತಾರೆ; ಆ ಅವಕಾಶ ಇಲ್ಲದವರಿಗೆ ಈ ಮೂರೇ ರಕ್ಷೆ.

ಮೊದಲು ಮೂಳೆ ತಜ್ಞರನ್ನೋ ಫಿಸಿಯೋಥೆರಪಿಸ್ಟರನ್ನೋ ಕಂಡು ಅನುಮತಿ ಪಡೆಯಬೇಕು. ಒಳಗೆ ಹಾಕಿದ ರಾಡು, ಪ್ಲೇಟುಗಳಿಂದ ತೊಂದರೆಯಿಲ್ಲ; ಆದರೆ ಹೊಲಿಗೆಯ ಜಾಗ ಪೂರ್ತಿ ಕೂಡಿರಬೇಕು, ಚರ್ಮದಿಂದ ಹೊರಗೆ ಕಾಣುವ ಕಂಬಿಗಳಿರಬಾರದು, ಒತ್ತುಹುಣ್ಣು ಇರಬಾರದು. ಮೂರ್ಛೆ ರೋಗವಿದ್ದರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ತಪ್ಪದೆ ತಿಳಿಸಬೇಕು. ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾಗಿರುವವರಲ್ಲಿ ತುಂಬಿದ ಮೂತ್ರಕೋಶ, ಬಿಗಿಯಾದ ಉಡುಪು, ಚರ್ಮಕ್ಕಾದ ಗಾಯ ಇಂಥ ಕಾರಣಗಳಿಂದ ರಕ್ತದೊತ್ತಡ ಹಠಾತ್ತನೆ ಏರಬಹುದು. ತಲೆ ಸಿಡಿಯುವಂತಾಗಿ ಮುಖ ಕೆಂಪೇರಿ ಬೆವರಿದರೆ ಕೂಡಲೇ ನೀರಿನಿಂದ ಹೊರಬಂದು ನೆಟ್ಟಗೆ ಕುಳಿತು, ಉಡುಪು ಸಡಿಲಿಸಿ, ಮೂತ್ರಕೋಶ ಖಾಲಿ ಮಾಡಿ, ಆಸ್ಪತ್ರೆಗೆ ಹೋಗಬೇಕು. ಇದನ್ನು ಜೊತೆಗೆ ಬರುವವರಿಗೂ ಮುಂಚೆಯೇ ಹೇಳಿಡಿ.

ಜಾಗದ ವಿಷಯದಲ್ಲಿ ರಾಜಿ ಬೇಡ. ಹೇಮಾವತಿ, ಭದ್ರಾ ನದಿಗಳಲ್ಲಾಗಲಿ, ಊರಿನ ಕೆರೆಗಳಲ್ಲಾಗಲಿ, ಮಲೆನಾಡಿನ ಹಳ್ಳಗಳಲ್ಲಾಗಲಿ ಕಲಿಯಲು ಹೋಗಬಾರದು. ಪಾಚಿ ಹಿಡಿದ ಬಂಡೆಯ ಮೇಲೆ ಊರುಗೋಲು ನಿಲ್ಲುವುದಿಲ್ಲ, ಮಳೆಗಾಲದ ಸೆಳೆತಕ್ಕೆ ಕಾಲಿನ ಆಸರೆಯಿಲ್ಲದ ದೇಹ ಎದುರು ನಿಲ್ಲಲಾರದು, ನಿಂತ ನೀರಿನಲ್ಲಿ ಸಣ್ಣ ಗಾಯದ ಮೂಲಕವೂ ಇಲಿಜ್ವರ ತಗುಲಬಹುದು. ತಳ ಕಾಣುವಷ್ಟು ತಿಳಿಯಾದ, ಜೀವರಕ್ಷಕರಿರುವ ಈಜುಕೊಳವೇ ಬೇಕು. ಈಜುವ ದಿನಕ್ಕಿಂತ ಮೊದಲೇ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ: ಮೆಟ್ಟಿಲಿದೆಯೋ, ಗೋಡೆಗೆ ನೆಟ್ಟಗೆ ನಿಂತ ಉಕ್ಕಿನ ಏಣಿ ಮಾತ್ರವಿದೆಯೋ, ಆಳ ಕಡಿಮೆಯಿರುವ ತುದಿಯಲ್ಲಿ ನೀರು ಎಷ್ಟಿದೆ, ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುತ್ತದೆಯೋ. ರ‍್ಯಾಂಪ್ ಇಲ್ಲದಿದ್ದರೆ ಕೇಳಲು ಸಂಕೋಚಪಡಬೇಡಿ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ 30ನೇ ಕಲಮು ಕ್ರೀಡಾ ಸೌಲಭ್ಯಗಳು ಅಂಗವಿಕಲರಿಗೂ ಎಟಕುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.

ನಮ್ಮ ಕಡೆಯ ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡಿಸೆಂಬರ್, ಜನವರಿಯ ಬೆಳಗಿನ ಕೊಳದ ನೀರು ಸೆಟೆತವಿರುವ ಕಾಲನ್ನು ಇನ್ನಷ್ಟು ಸೆಟೆಸುತ್ತದೆ. ಮಾರ್ಚ್‌ನಿಂದ ಮೇ ತನಕದ ದಿನಗಳು ಕಲಿಕೆಗೆ ಒಳ್ಳೆಯವು. ಆರಂಭದಲ್ಲಿ ಹದಿನೈದು ಇಪ್ಪತ್ತು ನಿಮಿಷ ಸಾಕು. ತುಟಿ ನೀಲಿಯಾದರೆ ಅಥವಾ ನಡುಕ ಬಂದರೆ ಅಂದಿನ ಪಾಠ ಮುಗಿಯಿತು.

ಕೊಳದ ಅಂಚಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಮತ್ತು ಒಂದು ದಪ್ಪ ಚಾಪೆ ಇರಲಿ. ಊರುಗೋಲಿನ ತುದಿಯ ರಬ್ಬರ್ ಸವೆದಿದ್ದರೆ ಮೊದಲೇ ಬದಲಿಸಿ, ಏಕೆಂದರೆ ಒದ್ದೆ ಟೈಲ್ಸ್ ಮೇಲೆ ಬೀಳುವ ಅಪಾಯ ನೀರಿನೊಳಗಿನ ಅಪಾಯಕ್ಕಿಂತ ಕಡಿಮೆಯದಲ್ಲ. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರನ್ನು ಅಂಚಿನ ಕುರ್ಚಿಯ ತನಕ ಹಾಕಿಕೊಂಡು ಬಂದು ಅಲ್ಲೇ ಬಿಚ್ಚಿಡುವುದು ಕ್ಷೇಮ. ಜೈಪುರ ಕಾಲು ಎಂಬ ಕೃತಕ ಕಾಲು ನೀರಿಗೆ ಹೆದರುವಂಥದ್ದಲ್ಲವಾದರೂ ಈಜಿಗೆ ಅದು ಬೇಡ; ಅಂಚಿನವರೆಗೆ ನಡೆದು ಬರಲು ಉಪಯೋಗಿಸಿ. ಏಣಿಯಿದ್ದಲ್ಲಿ ಇಳಿಯುವಾಗ ನೊಂದ ಕಾಲು ಮೊದಲು, ಹತ್ತುವಾಗ ಗಟ್ಟಿ ಕಾಲು ಮೊದಲು. ಎರಡೂ ಕಾಲು ಆಗದವರು ಕುರ್ಚಿಯಿಂದ ಚಾಪೆಗೆ ಇಳಿದು, ಅಂಚಿನಲ್ಲಿ ಕುಳಿತು, ನೀರಿನಲ್ಲಿ ನಿಂತ ಜೊತೆಗಾರರ ಭುಜ ಹಿಡಿದು ಮೆಲ್ಲಗೆ ಜಾರಬೇಕು. ಮೇಲೆ ಬರಲು ಗೋಡೆಗೆ ಮುಖ ಮಾಡಿ, ಎರಡು ಅಂಗೈಗಳನ್ನು ಅಂಚಿನ ಚಾಪೆಯ ಮೇಲೆ ಊರಿ, ಭುಜ ಮುಳುಗುವಷ್ಟು ತಗ್ಗಿ, ನೀರು ಮೇಲಕ್ಕೆ ತಳ್ಳುವ ಕ್ಷಣಕ್ಕೆ ಸರಿಯಾಗಿ ಕೈಗಳಿಂದ ಒತ್ತಬೇಕು. ಎದೆ ಅಂಚಿಗೇರಿದ ಮೇಲೆ ಸೊಂಟ ತಿರುಗಿಸಿ ಕೂರಬಹುದು. ದಣಿದ ಮೇಲೆ ಇದು ಎರಡರಷ್ಟು ಕಷ್ಟವಾಗುವುದರಿಂದ ಮೊದಲ ದಿನ ಮೈ ಹಗುರವಾಗಿರುವಾಗಲೇ ಇದನ್ನು ಅಭ್ಯಾಸ ಮಾಡಬೇಕು.

ಇನ್ನು ನೀರಿನೊಳಗಿನ ಪಾಠ. ಲಂಡನ್ನಿನಲ್ಲಿ ಜೇಮ್ಸ್ ಮೆಕ್‌ಮಿಲನ್ 1949ರಲ್ಲಿ ಅಂಗವಿಕಲ ಹುಡುಗಿಯರಿಗಾಗಿ ಆರಂಭಿಸಿದ ಹ್ಯಾಲಿವಿಕ್ ವಿಧಾನದಲ್ಲಿ ಒಬ್ಬ ಕಲಿಯುವವರಿಗೆ ಒಬ್ಬ ಸಹಾಯಕರಿರುತ್ತಾರೆ, ತೇಲುವ ಸಾಧನಗಳಿರುವುದಿಲ್ಲ, ದೇಹ ತಿರುಗುವುದನ್ನು ಹಿಡಿತಕ್ಕೆ ತರುವುದೇ ಮುಖ್ಯ ಪಾಠ. ಇದು ಸರಿಯಾದ ಹಾದಿಯೆಂದೇ ನನ್ನ ನಂಬಿಕೆ. ಮುಖ ನೀರಿಗೆ ತಾಗಿದ ಕೂಡಲೇ ಊದುವುದು ಅಭ್ಯಾಸವಾಗಬೇಕು. ಆಮೇಲೆ ಸಹಾಯಕರು ಬೆನ್ನಿನ ಕೆಳಗೆ ಕೈಕೊಟ್ಟಿರುವಾಗ ಅಂಗಾತ ತೇಲಿ, ಕಿವಿ ನೀರಿನಲ್ಲಿ ಮುಳುಗಲು ಬಿಡಿ. ಆಗ ಒಂದು ಸಂಗತಿ ಅನುಭವಕ್ಕೆ ಬರುತ್ತದೆ: ಮಾಂಸ ಕರಗಿ ತೆಳ್ಳಗಾದ ಕಾಲು ಹಗುರವಾಗಿ ಮೇಲೇಳುತ್ತದೆ, ದಪ್ಪನೆಯ ಕಾಲಿನ ಬದಿಗೆ ಮೈ ಮಗುಚಲು ನೋಡುತ್ತದೆ. ಒಂದು ಕಾಲು ಕತ್ತರಿಸಿದವರಿಗೂ ಹೀಗೇ ಆಗುತ್ತದೆ. ಮಗುಚುವ ಬದಿಗೆ ಕೈ ಬಡಿದರೆ ಪ್ರಯೋಜನವಿಲ್ಲ. ತಲೆಯನ್ನು ಹಗುರವಾದ ಕಾಲಿನ ಬದಿಗೆ ತುಸು ತಿರುಗಿಸಿ, ಆ ಬದಿಯ ಕೈಯನ್ನು ಅಗಲಕ್ಕೆ ಚಾಚಿದರೆ ಮೈ ಸಮವಾಗುತ್ತದೆ. ಬೋರಲು ಬಿದ್ದಾಗ ಅಂಗಾತವಾಗಲು ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಎದುರು ಬದಿಯ ಕೈಯನ್ನು ಎದೆಯ ಕೆಳಗಿನಿಂದ ಅದೇ ಪಕ್ಕಕ್ಕೆ ಎಳೆದುಕೊಳ್ಳಬೇಕು. ಭುಜ ಹೋದತ್ತ ಸೊಂಟ, ಸೊಂಟ ಹೋದತ್ತ ಕಾಲು ಬರುತ್ತದೆ. ಯಾರ ಸಹಾಯವೂ ಇಲ್ಲದೆ ಇದು ಬರುವ ತನಕ ಮುಂದಿನ ಪಾಠಕ್ಕೆ ಹೋಗಬೇಡಿ.

ನಂತರ ಅಂಗಾತವಾಗಿ ಎರಡೂ ಕೈಗಳನ್ನು ಒಟ್ಟಿಗೆ ಪಕ್ಕಕ್ಕೆ ಚಾಚಿ ತೊಡೆಯತ್ತ ನೂಕುವ ಈಜನ್ನು ಕಲಿಯಿರಿ. ಮುಖ ಮೇಲಿರುವುದರಿಂದ ಉಸಿರಿನ ಚಿಂತೆಯಿಲ್ಲ. ಬೋರಲಾಗಿ ಈಜುವ ಫ್ರೀಸ್ಟೈಲ್‌ಗೆ ಬಂದಾಗ ಕಾಲು ತಗ್ಗಿ ಎಳೆಯತೊಡಗಿದರೆ ತಲೆ ಎತ್ತಬೇಡಿ, ತಲೆ ಎತ್ತಿದಷ್ಟೂ ಕಾಲು ಇಳಿಯುತ್ತದೆ. ನೋಟ ತಳದ ಕಡೆಗಿರಲಿ, ಎದೆಯನ್ನು ನೀರಿಗೆ ಒತ್ತಿ. ಒಂದೇ ಕಾಲಿರುವವರು ಅದನ್ನು ದೇಹದ ನಡುಗೆರೆಯ ಕಡೆಗೆ ತಂದು ಬಡಿದರೆ ಮೈ ವಾಲುವುದು ಕಡಿಮೆಯಾಗುತ್ತದೆ. ಮಂಡಿಯ ಲಿಗಮೆಂಟ್ ಹರಿದವರು, ಸೊಂಟದ ಕೀಲು ಬದಲಿಸಿಕೊಂಡವರು ಬ್ರೆಸ್ಟ್ ಸ್ಟ್ರೋಕಿನ ಕಾಲೊದೆತವನ್ನು ವೈದ್ಯರು ಒಪ್ಪುವ ತನಕ ಮಾಡಬಾರದು. ಕಾಲನ್ನು ಹೊರಕ್ಕೆ ತಿರುಚುವ ಆ ಚಲನೆ ಕೀಲಿಗೆ ಕೆಡುಕು.

ತೊಡೆಗಳ ನಡುವೆ ಹಿಡಿಯುವ ಪುಲ್ ಬೂಯ್ ಎಂಬ ತೇಲುವ ಸಾಧನ ಅಭ್ಯಾಸಕ್ಕೆ ನೆರವಾಗುತ್ತದೆ. ಆದರೆ ಕಣಕಾಲಿಗೆ ಬೆಂಡು, ಟ್ಯೂಬು ಕಟ್ಟುವುದು ಅಪಾಯಕರ. ಕಾಲು ಮೇಲಾಗಿ ಮುಖ ಕೆಳಗಾದರೆ ತಿರುಗಿಕೊಳ್ಳಲು ಆಗುವುದಿಲ್ಲ.

ಈಜು ಮುಗಿದ ಮೇಲಿನ ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಸ್ಪರ್ಶ ತಿಳಿಯದ ಕಾಲು ಸಿಮೆಂಟಿಗೆ ಉಜ್ಜಿ ರಕ್ತ ಬಂದರೂ ಗೊತ್ತಾಗುವುದಿಲ್ಲ, ಆದ್ದರಿಂದ ನೀರಿನಲ್ಲೂ ಕಾಲುಚೀಲ ಹಾಕಿರಬೇಕು. ಕಾಲು ಕತ್ತರಿಸಿದವರು ಉಳಿದ ಭಾಗವನ್ನು ಒರೆಸಿ ಪೂರ್ತಿ ಒಣಗಿಸಿ ಕ್ರೇಪ್ ಬ್ಯಾಂಡೇಜ್ ಸುತ್ತಿಡಬೇಕು, ಇಲ್ಲದಿದ್ದರೆ ಅದು ಊದಿಕೊಂಡು ಕೃತಕ ಕಾಲು ಏರುವುದಿಲ್ಲ. ಚಳಿಯಾಯಿತೆಂದು ಮನೆಗೆ ಬಂದವರೇ ಹಂಡೆಯ ಬಿಸಿನೀರನ್ನು ಕಾಲಿಗೆ ಹೊಯ್ದುಕೊಳ್ಳಬೇಡಿ. ಸ್ಪರ್ಶವಿಲ್ಲದ ಚರ್ಮ ಬೆಂದು ಬೊಬ್ಬೆ ಏಳುವ ತನಕ ತಿಳಿಯುವುದಿಲ್ಲ, ಹಾಗಾಗಿ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿಕೊಳ್ಳಿ. ಸ್ನಾನವಾದ ಮೇಲೆ ಹಿಮ್ಮಡಿ, ಕಣಕಾಲು, ಪೃಷ್ಠಗಳನ್ನು ಕನ್ನಡಿ ಹಿಡಿದೋ ಮೊಬೈಲ್‌ನಲ್ಲಿ ಚಿತ್ರ ತೆಗೆದೋ ನೋಡಬೇಕು. ಕೆಂಪು ಅರ್ಧ ಗಂಟೆಯಲ್ಲಿ ಮಾಯದಿದ್ದರೆ, ಅಥವಾ ಚರ್ಮ ಕಿತ್ತಿದ್ದರೆ, ಅದು ವಾಸಿಯಾಗುವ ತನಕ ಕೊಳಕ್ಕೆ ಇಳಿಯದೆ ಹತ್ತಿರದ ವೈದ್ಯರಿಗೆ ತೋರಿಸಬೇಕು.