ಸಿಮ್ ಪಿನ್ ಕೇಳುತ್ತಿದೆಯೇ? ಊಹಿಸಿ ಒತ್ತಬೇಡಿ

ಫೋನ್ ಆಫ್ ಆಗಿ ಮತ್ತೆ ಆನ್ ಆದಾಗ ‘ಎಂಟರ್ ಸಿಮ್ ಪಿನ್’ ಎಂದು ಬಂದರೆ ಬಹುತೇಕರು ಮಾಡುವ ತಪ್ಪು ಒಂದೇ: ಸ್ಕ್ರೀನ್ ಲಾಕ್ ತೆಗೆಯುವ ಸಂಖ್ಯೆಯನ್ನೇ ಅಲ್ಲೂ ಹೊಡೆಯುವುದು. ಅದು ಆಗದಿದ್ದರೆ ಎಟಿಎಂ ಪಿನ್, ಅದೂ ಆಗದಿದ್ದರೆ ಹುಟ್ಟಿದ ವರ್ಷ. ಅಲ್ಲಿಗೆ ಮೂರು ಸಲ ಮುಗಿಯಿತು, ಸಿಮ್ ಮುಚ್ಚಿಕೊಂಡಿತು. ನಿಜವಾದ ಪಿನ್ ಆಮೇಲೆ ನೆನಪಾದರೂ ಪ್ರಯೋಜನವಿಲ್ಲ, ಆ ಪಿನ್ ಕೇಳುವುದನ್ನೇ ಸಿಮ್ ನಿಲ್ಲಿಸಿರುತ್ತದೆ.

ಈ ಎರಡು ಬೀಗಗಳಿಗೆ ಸಂಬಂಧವೇ ಇಲ್ಲ. ಸ್ಕ್ರೀನ್ ಲಾಕ್ ಇರುವುದು ಫೋನಿನಲ್ಲಿ. ಸಿಮ್ ಪಿನ್ ಇರುವುದು ಸಿಮ್ ಕಾರ್ಡಿನ ಚಿಪ್ಪಿನೊಳಗೆ. ಹೊಡೆದ ಸಂಖ್ಯೆ ಸರಿಯೋ ತಪ್ಪೋ ಎಂದು ನೋಡುವುದೂ, ಎಷ್ಟು ಸಲ ತಪ್ಪಾಯಿತು ಎಂದು ಎಣಿಸುವುದೂ ಆ ಚಿಪ್ಪೇ. ಹಾಗಾಗಿ ಬ್ಯಾಟರಿ ತೆಗೆದು ಹಾಕಿದರೆ, ಬೇರೆ ಫೋನಿಗೆ ಸಿಮ್ ಹಾಕಿದರೆ, ಫೋನನ್ನೇ ಫ್ಯಾಕ್ಟರಿ ರಿಸೆಟ್ ಮಾಡಿದರೆ ಎಣಿಕೆ ಹಿಂದಕ್ಕೆ ಹೋಗುವುದಿಲ್ಲ. ರಿಸೆಟ್ ಮಾಡಿ ಫೋಟೊ ಕಳೆದುಕೊಳ್ಳುವುದಷ್ಟೇ ಲಾಭ.

ಲೆಕ್ಕ ಹೀಗಿದೆ. ಪಿನ್ 4ರಿಂದ 8 ಅಂಕಿಯದು, ತಪ್ಪಲು 3 ಅವಕಾಶ. ಮೂರರೊಳಗೆ ಒಮ್ಮೆ ಸರಿಯಾಗಿ ಹೊಡೆದರೆ ಎಣಿಕೆ ಮತ್ತೆ 3ಕ್ಕೆ ಬರುತ್ತದೆ. ಮೂರೂ ತಪ್ಪಾದರೆ ಪಿಯುಕೆ (PUK) ಕೇಳುತ್ತದೆ. ಅದು ಮುಚ್ಚಿಕೊಂಡ ಸಿಮ್ಮನ್ನು ತೆರೆಯುವ 8 ಅಂಕಿಯ ಸಂಖ್ಯೆ, ಅದಕ್ಕೆ 10 ಅವಕಾಶ. ಹತ್ತೂ ತಪ್ಪಾದರೆ ಆ ಕಾರ್ಡ್ ಶಾಶ್ವತವಾಗಿ ಸತ್ತಂತೆ, ಕಂಪನಿಯವರಿಗೂ ಅದನ್ನು ಎಬ್ಬಿಸಲಾಗದು. ಎಂಟು ಅಂಕಿಯನ್ನು ಹತ್ತು ಸಲದಲ್ಲಿ ಊಹಿಸಿ ಗೆಲ್ಲುವವರು ಲಾಟರಿ ಟಿಕೆಟ್ ಕೊಳ್ಳುವುದು ಮೇಲು.

ಪರದೆಯ ಮೇಲೆ ಇನ್ನೆಷ್ಟು ಅವಕಾಶ ಉಳಿದಿದೆ ಎಂದು ಸಾಮಾನ್ಯವಾಗಿ ತೋರಿಸುತ್ತದೆ. ಎರಡು ಸಿಮ್ ಇದ್ದರೆ ಯಾವ ಸಿಮ್ ಕೇಳುತ್ತಿದೆ ಎಂದೂ ಇರುತ್ತದೆ. ಅದನ್ನು ಓದಿ. ಸಿಮ್ 1ರ ಪಿನ್ ಅನ್ನು ಸಿಮ್ 2ಕ್ಕೆ ಹೊಡೆದು ಒಂದು ಅವಕಾಶ ಕಳೆಯುವುದು ಮಾಮೂಲಿ. ಎರಡಕ್ಕೂ ಎಣಿಕೆ ಬೇರೆ ಬೇರೆ.

ಪಿನ್ ನಾನು ಹಾಕಿಯೇ ಇಲ್ಲ ಎನ್ನುವವರಿಗೆ

ಪ್ರತಿ ಸಿಮ್ಮಿಗೂ ಕಾರ್ಖಾನೆಯಿಂದಲೇ ಒಂದು ಪಿನ್ ಬಂದಿರುತ್ತದೆ, ಬೀಗ ಮಾತ್ರ ತೆರೆದಿರುತ್ತದೆ. ಮಕ್ಕಳು ಸೆಟ್ಟಿಂಗ್ಸ್ ಒಳಗೆ ಹೋಗಿ ಆನ್ ಮಾಡಿದ್ದರೆ, ಇಲ್ಲವೇ ಆ ಸಿಮ್ಮನ್ನು ಹಿಂದೆ ಮನೆಯಲ್ಲಿ ಬೇರೆಯವರು ಬಳಸಿದ್ದರೆ ಈಗ ಕೇಳುತ್ತಿರಬಹುದು. ನಮ್ಮಲ್ಲಿ ಕಾರ್ಖಾನೆ ಪಿನ್ ಸಾಮಾನ್ಯವಾಗಿ 1234 ಅಥವಾ 0000. ಸಿಮ್ ಮುರಿದು ತೆಗೆದ ಎಟಿಎಂ ಗಾತ್ರದ ಪ್ಲಾಸ್ಟಿಕ್ ಕಾರ್ಡ್ ಇದ್ದರೆ ಮೊದಲು ಅದನ್ನು ಹುಡುಕಿ. ಎಷ್ಟೋ ಸಲ ಪಿನ್, ಪಿಯುಕೆ ಅದರ ಮೇಲೇ ಅಚ್ಚಾಗಿರುತ್ತವೆ. ಕಾರ್ಡ್ ಸಿಗದಿದ್ದರೆ 1234, 0000 ಎರಡನ್ನೂ ಒಂದೊಂದು ಸಲ ಹೊಡೆದು ನೋಡಬಹುದು. ಎರಡೂ ತಪ್ಪಾದರೆ ಅಲ್ಲಿಗೇ ನಿಲ್ಲಿಸಿ, ಮೂರನೆಯದನ್ನು ಖರ್ಚು ಮಾಡದೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ.

ಪಿಯುಕೆ ಎಲ್ಲಿ ಸಿಗುತ್ತದೆ

ಅದೇ ಕಂಪನಿಯ ಇನ್ನೊಂದು ನಂಬರಿನಿಂದ ಕಸ್ಟಮರ್ ಕೇರ್‌ಗೆ ಕರೆ ಮಾಡಿ. ದೂರಿಗೆ 198 ಎಲ್ಲ ಕಂಪನಿಗಳಲ್ಲೂ ನಡೆಯುತ್ತದೆ. ಹೆಸರು, ವಿಳಾಸ, ಹುಟ್ಟಿದ ದಿನಾಂಕದಂಥ ವಿವರ ಕೇಳಿ ಖಾತ್ರಿ ಮಾಡಿಕೊಂಡು ಪಿಯುಕೆ ಹೇಳುತ್ತಾರೆ. ಸಿಮ್ ಅಪ್ಪನ ಹೆಸರಲ್ಲೋ ಅಣ್ಣನ ಹೆಸರಲ್ಲೋ ಇದ್ದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕರೆ ಮಾಡಿ, ಇಲ್ಲದಿದ್ದರೆ ಕರೆ ಅರ್ಧಕ್ಕೇ ನಿಲ್ಲುತ್ತದೆ. ಕಂಪನಿಯ ಆ್ಯಪ್ ಫೋನಿನಲ್ಲಿ ಮೊದಲೇ ಲಾಗಿನ್ ಆಗಿದ್ದರೆ, ಪಿನ್ ಪರದೆಯನ್ನು ಕ್ಯಾನ್ಸಲ್ ಮಾಡಿ ವೈಫೈಗೆ ಸೇರಿ ಅದರಲ್ಲೂ ನೋಡಿ. ಕೆಲವು ಆ್ಯಪ್‌ಗಳಲ್ಲಿ ಪಿಯುಕೆ ತೋರಿಸುವ ಜಾಗವಿದೆ.

ಹಳೆಯ ಪ್ಲಾಸ್ಟಿಕ್ ಕಾರ್ಡ್ ಜೋಪಾನ ಮಾಡಿಟ್ಟವರೂ ಮೋಸ ಹೋಗುವ ಜಾಗ ಒಂದಿದೆ. ಪಿಯುಕೆ ಸೇರಿದ್ದು ಸಿಮ್ ಕಾರ್ಡಿಗೆ, ಮೊಬೈಲ್ ನಂಬರಿಗಲ್ಲ. 3ಜಿಯಿಂದ 4ಜಿಗೆ ಹೋದಾಗ, ಕಳೆದ ಸಿಮ್ ಬದಲು ಹೊಸದು ತಂದಾಗ, ಪೋರ್ಟ್ ಮಾಡಿಸಿದಾಗ, ಇ-ಸಿಮ್ ಮಾಡಿಸಿದಾಗ ನಂಬರ್ ಅದೇ ಇದ್ದರೂ ಪಿಯುಕೆ ಹಳೆಯದಲ್ಲ. ಕಾರ್ಡಿನ ಮೇಲೆ ಅಚ್ಚಾದ 8991ರಿಂದ ಶುರುವಾಗುವ ಉದ್ದ ಸಂಖ್ಯೆಯನ್ನೂ ಸಿಮ್ ಮೇಲೆ ಇರುವ ಅಂಕಿಗಳನ್ನೂ ಹೋಲಿಸಿ ನೋಡಿ, ಹೊಂದಿದರೆ ಮಾತ್ರ ಆ ಪಿಯುಕೆ ನಿಮ್ಮದು.

ಪಿಯುಕೆ ಸಿಕ್ಕ ಮೇಲೆ ಕಾಗದದಲ್ಲಿ ಬರೆದುಕೊಂಡು, ಒಂದೊಂದೇ ಅಂಕಿ ನೋಡಿ ಹೊಡೆಯಿರಿ. ಆಮೇಲೆ ಹೊಸ ಪಿನ್ ಎರಡು ಸಲ ಕೇಳುತ್ತದೆ. ಕೀಪ್ಯಾಡ್ ಫೋನಿನಲ್ಲಿ ಪರದೆ ಸರಿಯಾಗಿ ಕೇಳದಿದ್ದರೆ ಹೀಗೆ ಡಯಲ್ ಮಾಡಬಹುದು:

**05*ಪಿಯುಕೆ*ಹೊಸ ಪಿನ್*ಹೊಸ ಪಿನ್#

ಉದಾಹರಣೆಗೆ ಪಿಯುಕೆ 12345678 ಆಗಿ, ಹೊಸ ಪಿನ್ 4826 ಬೇಕಿದ್ದರೆ **05*12345678*4826*4826#. ನಡುವೆ ಜಾಗ ಬಿಡಬಾರದು. ಕೋಡ್‌ನ ಸಂಖ್ಯೆ 05ರ ಬದಲು 052 ಆದರೆ ಅದು ಪಿನ್2ಗೆ ಸಂಬಂಧಿಸಿದ್ದು, ಅದಕ್ಕೆ ಪಿಯುಕೆ2 ಬೇಕು. ನಿಗದಿತ ನಂಬರುಗಳಿಗೆ ಮಾತ್ರ ಕರೆ ಹೋಗುವಂತೆ ಮಾಡುವ ಸೌಲಭ್ಯಕ್ಕೆ ಪಿನ್2 ಬಳಕೆಯಾಗುತ್ತದೆ, ದಿನಬಳಕೆಗೆ ಅದರ ಗೊಡವೆ ಬೇಡ.

ಹತ್ತೂ ಅವಕಾಶ ಮುಗಿದಿದ್ದರೆ ಹೊಸ ಸಿಮ್ ಒಂದೇ ದಾರಿ. ಯಾರ ಹೆಸರಲ್ಲಿದೆಯೋ ಅವರೇ ಗುರುತಿನ ದಾಖಲೆ ಹಿಡಿದು ಕಂಪನಿಯ ಮಳಿಗೆಗೆ ಹೋಗಬೇಕು. ನಂಬರ್ ಉಳಿಯುತ್ತದೆ, ಸಿಮ್ಮಿನಲ್ಲೇ ಸೇವ್ ಮಾಡಿದ್ದ ಕಾಂಟ್ಯಾಕ್ಟ್‌ಗಳು ಉಳಿಯುವುದಿಲ್ಲ. ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಸಿಮ್ ಸ್ವ್ಯಾಪ್ ವಂಚನೆ (ನಿಮ್ಮ ನಂಬರಿಗೆ ಬೇರೆಯವರು ಹೊಸ ಸಿಮ್ ಪಡೆದು ಒಟಿಪಿ ಕದಿಯುವುದು) ತಡೆಯಲು ದೂರಸಂಪರ್ಕ ಇಲಾಖೆ ಹಾಕಿದ ನಿಯಮವಿದು. ಅಂದರೆ ಆ ಒಂದು ದಿನ ಎಸ್ಸೆಮ್ಮೆಸ್ಸಿನಲ್ಲಿ ಬರುವ ಬ್ಯಾಂಕಿನ ಒಟಿಪಿ ಇಲ್ಲ, ಯುಪಿಐ ಹೊಸದಾಗಿ ನೋಂದಾಯಿಸಲೂ ಆಗದು. ಫೀಸು ಕಟ್ಟುವ ಕೊನೆಯ ದಿನದ ಬೆಳಿಗ್ಗೆ ಸಿಮ್ ಬದಲಿಸಬೇಡಿ. 2024ರ ಜುಲೈ 1ರಿಂದ ಸಿಮ್ ಬದಲಿಸಿದ 7 ದಿನದೊಳಗೆ ಪೋರ್ಟ್ ಮಾಡಲೂ ಬರುವುದಿಲ್ಲ.

ಇಷ್ಟೆಲ್ಲ ತಾಪತ್ರಯವಿದ್ದರೂ ಪಿನ್ ಯಾಕೆ ಬೇಕು

ಬಸ್ಸಿನಲ್ಲಿ ಫೋನ್ ಕದ್ದವನಿಗೆ ನಿಮ್ಮ ಸ್ಕ್ರೀನ್ ಲಾಕ್ ಮುರಿಯುವ ಅಗತ್ಯವೇ ಇಲ್ಲ. ಸಿಮ್ ತೆಗೆದು ತನ್ನ ಫೋನಿಗೆ ಹಾಕಿದರೆ ಸಾಕು, ನಿಮ್ಮ ಒಟಿಪಿಗಳು ಅವನ ಕೈಗೆ. ಸಿಮ್ ಪಿನ್ ಇದ್ದರೆ ಅಲ್ಲೇ ನಿಲ್ಲುತ್ತಾನೆ. ಆದರೆ 1234 ಇಟ್ಟರೆ ಇಟ್ಟ ಹಾಗೂ ಅಲ್ಲ. ಫೋನ್ ಆಫ್ ಆಗದೆ, ಸಿಮ್ ಹೊರಗೆ ಬಾರದೆ ಇದ್ದರೆ ಪಿನ್ ಕೇಳುವುದೇ ಇಲ್ಲ. ಆದ್ದರಿಂದ ಲಾಕ್ ಆದ ಪರದೆಯಲ್ಲಿ ಮೆಸೇಜಿನ ಒಕ್ಕಣೆ ಕಾಣದಂತೆಯೂ ಮಾಡಿಟ್ಟುಕೊಳ್ಳಿ. ಪಿನ್ ಇದ್ದರೂ ಫೋನ್ ಕಳೆದ ಕೂಡಲೇ ನಂಬರ್ ಬ್ಲಾಕ್ ಮಾಡಿಸಿ, ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್ಲಿನಲ್ಲಿ ಫೋನನ್ನೂ ಬ್ಲಾಕ್ ಮಾಡಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಾಕುವ ಕ್ರಮ: ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಸೆಕ್ಯುರಿಟಿ ಆ್ಯಂಡ್ ಪ್ರೈವಸಿ, ಮೋರ್ ಸೆಕ್ಯುರಿಟಿ, ಅದರೊಳಗೆ ಸಿಮ್ ಲಾಕ್. ಒಂದೊಂದು ಬ್ರ್ಯಾಂಡಿನಲ್ಲಿ ಒಂದೊಂದು ಕಡೆ ಅಡಗಿಸಿರುತ್ತಾರೆ, ಸೆಟ್ಟಿಂಗ್ಸ್ ಮೇಲಿನ ಹುಡುಕುವ ಪಟ್ಟಿಯಲ್ಲಿ ‘ಸಿಮ್ ಲಾಕ್’ ಎಂದು ಇಂಗ್ಲಿಷಿನಲ್ಲಿ ಹೊಡೆಯುವುದು ಸುಲಭ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಮೊಬೈಲ್ ಡೇಟಾ, ಎರಡು ಲೈನ್ ಇದ್ದರೆ ಬೇಕಾದ ಲೈನ್, ಆಮೇಲೆ ಸಿಮ್ ಪಿನ್. ಇ-ಸಿಮ್ಮಿಗೂ ಇದೇ. ಮೊದಲು ಲಾಕ್ ಆನ್ ಮಾಡುವಾಗ ಕೇಳುವುದು ಕಾರ್ಖಾನೆ ಪಿನ್, ನೀವು ಇಡಬೇಕೆಂದಿರುವ ಪಿನ್ ಅಲ್ಲ. ಇಲ್ಲಿಯೇ ಹೆಚ್ಚು ಜನ ಎಡವುವುದು. ಆನ್ ಆದ ಮೇಲೆ ‘ಚೇಂಜ್ ಸಿಮ್ ಪಿನ್’ನಲ್ಲಿ ನಿಮ್ಮದನ್ನು ಇಡಿ. ಲಾಕ್ ಆಫ್ ಇರುವಾಗ ಪಿನ್ ಬದಲಿಸಲು ಆಗುವುದಿಲ್ಲ. ಡಯಲ್ ಮಾಡಿ ಬದಲಿಸುವ ಕೋಡ್ **04*ಹಳೆಯ ಪಿನ್*ಹೊಸ ಪಿನ್*ಹೊಸ ಪಿನ್#. ಎರಡು ಸಿಮ್ ಇರುವ ಫೋನಿನಲ್ಲಿ ಇದು ಬೇರೆ ಸಿಮ್ಮಿಗೆ ಹೋಗಿ ಅದರ ಅವಕಾಶ ತಿನ್ನಬಹುದು, ಸೆಟ್ಟಿಂಗ್ಸ್ ಮೂಲಕವೇ ಮಾಡಿ.

ಲಾಕ್ ಹಾಕುವ ಮೊದಲೇ ಪಿಯುಕೆ ತಿಳಿದು ಮನೆಯ ಡೈರಿಯಲ್ಲಿ ಬರೆದಿಡಿ. ಅದೇ ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟರೆ ಫೋನ್ ಕಳೆದಾಗ ಪಿಯುಕೆಯೂ ಕಳೆಯುತ್ತದೆ. ಕರೆ ಮಾಡಿ ಪಿಯುಕೆ ಅಥವಾ ಸಿಮ್ ಮೇಲಿನ ಉದ್ದ ಸಂಖ್ಯೆ ಕೇಳುವವರಿಗೆ ಹೇಳಬೇಡಿ, ಅದು ಕಂಪನಿಯ ಬಳಿ ಆಗಲೇ ಇದೆ.

ಒಂದು ಕಿರಿಕಿರಿ ತಿಳಿದಿರಲಿ. ಫೋನ್ ತಾನಾಗಿ ರಿಸ್ಟಾರ್ಟ್ ಆದರೆ ಪಿನ್ ಹೊಡೆಯುವವರೆಗೆ ಆ ಸಿಮ್ಮಿಗೆ ನೆಟ್‌ವರ್ಕ್ ಇಲ್ಲ, ಕರೆ ಬರುವುದಿಲ್ಲ. ಊರಲ್ಲಿ ಒಬ್ಬರೇ ಇರುವ ವಯಸ್ಸಾದವರ ಫೋನಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಿ.

ಹಾಗೆಯೇ ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್, ಗಾಡಿಯ ಜಿಪಿಎಸ್, ತೋಟದ ಸಿಮ್ ಕ್ಯಾಮೆರಾ ಇವುಗಳಲ್ಲಿ ಪಿನ್ ಹೊಡೆಯುವವರು ಯಾರು? ಪ್ರತಿ ಸಲ ಕರೆಂಟು ಬಂದಾಗಲೂ ಸ್ಟಾರ್ಟರ್ ಪಿನ್ನಿಗಾಗಿ ಕಾದು ಕೂರುತ್ತದೆ, ನೀವು ಕರೆ ಮಾಡಿದರೆ ‘ಸ್ವಿಚ್ ಆಫ್’ ಎಂದು ಬರುತ್ತದೆ. ಅಂಥ ಸಿಮ್ಮನ್ನು ಮೊದಲು ಯಾವುದಾದರೂ ಫೋನಿಗೆ ಹಾಕಿ, ಲಾಕ್ ಆಫ್ ಮಾಡಿ, ಒಮ್ಮೆ ಆಫ್-ಆನ್ ಮಾಡಿ ಪಿನ್ ಕೇಳುತ್ತಿಲ್ಲವೆಂದು ನೋಡಿಕೊಂಡು ಆಮೇಲೆ ಸ್ಟಾರ್ಟರಿಗೆ ಹಾಕಿ. ಪಿನ್ ತೆಗೆದರೂ ಸ್ಟಾರ್ಟರ್ ಸಿಗ್ನಲ್ ಹಿಡಿಯದಿದ್ದರೆ ಸಿಮ್ ಯಾವ ಕಂಪನಿಯದು ನೋಡಿ: 2ಜಿ ಸ್ಟಾರ್ಟರಿಗೆ ಜಿಯೊ ಸಿಮ್ ಹಾಕಿದರೆ ಎಂದೂ ಕೆಲಸ ಮಾಡುವುದಿಲ್ಲ, ಜಿಯೊಗೆ 2ಜಿ ಜಾಲವೇ ಇಲ್ಲ.

ವಿದೇಶದಿಂದ ತಂದ ಫೋನು ನಮ್ಮ ಸಿಮ್ ಹಾಕಿದಾಗ ‘ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್’ ಕೇಳಿದರೆ ಅದು ಈ ಬೀಗವಲ್ಲ. ಅಲ್ಲಿನ ಕಂಪನಿ ಆ ಫೋನನ್ನೇ ತನ್ನ ಜಾಲಕ್ಕೆ ಕಟ್ಟಿಹಾಕಿದೆ. ಇಲ್ಲಿನ ಸಿಮ್ಮಿನ ಪಿನ್, ಪಿಯುಕೆ ಎರಡೂ ಅಲ್ಲಿ ನಡೆಯುವುದಿಲ್ಲ. ಫೋನ್ ಕೊಂಡವರೇ ಅಲ್ಲಿನ ಕಂಪನಿಗೆ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಕೊಟ್ಟು ಬಿಡಿಸಬೇಕು. ಊರಿಗೆ ಹೊರಡುವ ಮೊದಲೇ ಬಿಡಿಸಿಕೊಂಡು ಬರಲು ಹೇಳಿ.