ಕ್ಯಾಸೆಟ್ಟಿನಲ್ಲಷ್ಟೇ ಉಳಿದ ಹಳೆಯ ಕನ್ನಡ ಚಿತ್ರಗಳು: ನಾನು ಅವುಗಳನ್ನು ಇಳಿಸಿಕೊಳ್ಳುವ ಬಗೆ

ಹಳೆಯ ಕನ್ನಡ ಚಿತ್ರಗಳ ಅಭಿಮಾನಿಗಳು ನಾಲ್ಕು ಜನ ಸೇರಿದರೆ ‘ಆ ಚಿತ್ರದ ಡಿವಿಡಿ ಎಲ್ಲಾದರೂ ಸಿಗುತ್ತದೆಯೇ’ ಎಂಬ ಮಾತು ಬಂದೇ ಬರುತ್ತದೆ. 1934ರ ‘ಸತಿ ಸುಲೋಚನಾ’ದಂತೆ ಒಂದು ಪ್ರಿಂಟೂ ಉಳಿಯದ ಚಿತ್ರಗಳ ಕಥೆ ಬೇರೆ. ನಾನು ಹೇಳುತ್ತಿರುವುದು ಟಾಕೀಸುಗಳಲ್ಲಿ ಓಡಿ, ದೂರದರ್ಶನದಲ್ಲಿಯೂ ಬಂದು, ಒಂದು ಕಾಲಕ್ಕೆ ವಿಡಿಯೋ ಲೈಬ್ರರಿಗಳಲ್ಲಿ ಬಾಡಿಗೆಗೆ ಸಿಗುತ್ತಿದ್ದು, ಡಿವಿಡಿಯ ಕಾಲಕ್ಕೆ ಮಾತ್ರ ಕಾಲಿಡದೇ ಹೋದ ಚಿತ್ರಗಳ ವಿಷಯ. ಇಂಥವುಗಳ ಕ್ಯಾಸೆಟ್ಟು ಸಿಕ್ಕಾಗ ಅದನ್ನು ನನ್ನ ಸ್ವಂತ ವೀಕ್ಷಣೆಗೆಂದು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹಲವು ವರ್ಷಗಳಿಂದ ನನ್ನ ಹವ್ಯಾಸ.

ಐವತ್ತು, ಅರವತ್ತರ ದಶಕಗಳ ಕನ್ನಡ ಚಿತ್ರಗಳಲ್ಲಿ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾದವು. ನೆಗೆಟಿವ್‌ಗಳು ಅಲ್ಲಿನ ಲ್ಯಾಬುಗಳಲ್ಲೇ ಉಳಿದವು. ನಿರ್ಮಾಪಕರು ತೀರಿಕೊಂಡ ಮೇಲೆ ಹಕ್ಕು ಯಾರದೆಂಬುದೇ ಗೊಂದಲವಾಗಿರುವ ಚಿತ್ರಕ್ಕೆ ಹಣ ಹಾಕಲು ಯಾವ ಕಂಪನಿಯೂ ಮುಂದೆ ಬರುವುದಿಲ್ಲ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ 60 ವರ್ಷ ಇರುವುದರಿಂದ 1964ರಲ್ಲಿ ತೆರೆಕಂಡ ಚಿತ್ರಗಳ ಅವಧಿ 2024ರ ಕೊನೆಗೆ ಮುಗಿದಿದೆ. ಆದರೆ ಅವಧಿ ಮುಗಿದ ಮಾತ್ರಕ್ಕೆ ಒಳ್ಳೆಯ ಪ್ರಿಂಟು ಎಲ್ಲಿಂದಲೋ ಹುಟ್ಟಿಕೊಳ್ಳುವುದಿಲ್ಲವಲ್ಲ.

ಕ್ಯಾಸೆಟ್ಟು ಕೈಗೆ ಬಂದಾಗ ಮೊದಲು ಅದರ ಪಾರದರ್ಶಕ ಕಿಂಡಿಯ ಮೂಲಕ ಟೇಪಿನ ಸುತ್ತಿನ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಬಿಳಿಯ ಪುಡಿಯಂತೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಒಳ್ಳೆಯ ವಿಸಿಆರ್‌ಗೆ (ವಿಡಿಯೋ ಕ್ಯಾಸೆಟ್ಟು ಓಡಿಸುವ ಯಂತ್ರಕ್ಕೆ) ಹಾಕಿದರೆ, ಟೇಪನ್ನು ಓದುವ ಹೆಡ್ಡಿಗೆ ಅಂಟಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಅದಕ್ಕೆಂದೇ ಒಂದು ಹಳೆಯ ಯಂತ್ರವನ್ನು ಬೇರೆಯಾಗಿ ಇಟ್ಟಿದ್ದೇನೆ. ಟೇಪು ಶುದ್ಧವಾಗಿದ್ದರೆ ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತುತ್ತೇನೆ. ವರ್ಷಗಟ್ಟಲೆ ಒಂದೇ ಕಡೆ ಸುತ್ತಿಕೊಂಡಿದ್ದ ಟೇಪಿನ ಬಿಗಿ ಇದರಿಂದ ಸಮವಾಗುತ್ತದೆ. ವಿಸಿಆರ್‌ನಿಂದ ಬರುವ ಸಂಕೇತವನ್ನು ಡಿವಿಡಿ ರೆಕಾರ್ಡರ್ ಒಂದರ ಮೂಲಕ ಹಾಯಿಸಿ, ಅದನ್ನು ಕಂಪ್ಯೂಟರಿನ ಕಡತವಾಗಿಸುವ ಕ್ಯಾಪ್ಚರ್ ಕಾರ್ಡಿಗೆ ಕೊಡುವುದರಿಂದ ಚಿತ್ರದ ಮೇಲ್ಭಾಗ ಬಾಗುವುದು ಬಹುಮಟ್ಟಿಗೆ ನಿಲ್ಲುತ್ತದೆ. 720×576 ಅಳತೆಯಲ್ಲಿ, ಗುಣಮಟ್ಟ ಕಳೆಯದ ರೀತಿಯಲ್ಲಿ ಇಳಿಸಿಕೊಂಡರೆ ಗಂಟೆಗೆ ಸುಮಾರು 30 ಜಿಬಿ ಜಾಗ ಬೇಕು. ಈ ಹಂತದಲ್ಲಿ ಚಿತ್ರವನ್ನು ಚೂಪುಗೊಳಿಸುವ, ಬಣ್ಣ ತಿದ್ದುವ ಯಾವ ಉಪಚಾರವನ್ನೂ ನಾನು ಮಾಡುವುದಿಲ್ಲ.

ನಿಜವಾದ ಕೆಲಸ ಆರಂಭವಾಗುವುದು ಇಲ್ಲಿಂದ ಮುಂದೆ, ಏಕೆಂದರೆ ಕೈಯಲ್ಲಿರುವುದು ಇಡೀ ಚಿತ್ರವೋ ಅಲ್ಲವೋ ಎಂಬುದು ಗೊತ್ತಾಗಬೇಕು. ಅದೃಷ್ಟವಿದ್ದರೆ ಆರಂಭದ ಸೆನ್ಸಾರ್ ಪ್ರಮಾಣಪತ್ರವೂ ಟೇಪಿನಲ್ಲಿ ಉಳಿದಿರುತ್ತದೆ. ಅದರಲ್ಲಿ ಚಿತ್ರದ ಉದ್ದ, ರೀಲುಗಳ ಸಂಖ್ಯೆ ಎರಡೂ ಇರುತ್ತವೆ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. ಆದ್ದರಿಂದ 13,500 ಅಡಿಯ ಚಿತ್ರ ಟಾಕೀಸಿನಲ್ಲಿ 150 ನಿಮಿಷ. ಅದೇ ಚಿತ್ರ ಸೆಕೆಂಡಿಗೆ 25 ಚೌಕಟ್ಟುಗಳನ್ನು ತೋರಿಸುವ ನಮ್ಮ ಪಾಲ್ ಟಿವಿ ಪದ್ಧತಿಯ ಟೇಪಿನಲ್ಲಿ, ಒಂದು ಅಕ್ಷರವೂ ಕತ್ತರಿಸದೆ, 144 ನಿಮಿಷಕ್ಕೇ ಮುಗಿಯಬಹುದು, ಏಕೆಂದರೆ ಸೆಕೆಂಡಿಗೆ 24 ಚೌಕಟ್ಟುಗಳ ಫಿಲಮ್ಮನ್ನು 25ರ ವೇಗದಲ್ಲಿ ಓಡಿಸಿ ಟೇಪಿಗೆ ತೆಗೆಯುವುದು ರೂಢಿಯಾಗಿತ್ತು. ಈ ಆರು ನಿಮಿಷವನ್ನು ‘ಕಳೆದುಹೋದ ದೃಶ್ಯ’ವೆಂದು ಹುಡುಕುತ್ತ ಕೂತವರನ್ನು ನಾನು ಬಲ್ಲೆ.

ವೇಗ ಹೆಚ್ಚಾಗಿದೆಯೋ ಇಲ್ಲವೋ ಎಂಬುದಕ್ಕೆ ಹಾಡುಗಳೇ ಸಾಕ್ಷಿ. ಗ್ರಾಮಫೋನ್ ತಟ್ಟೆಯಲ್ಲಿರುವ ಅದೇ ಹಾಡಿನ ಜೊತೆ ಹೋಲಿಸಿದಾಗ ಟೇಪಿನ ಶ್ರುತಿ ಅರ್ಧ ಸ್ವರಕ್ಕಿಂತ ತುಸು ಕಡಿಮೆಯಷ್ಟು ಮೇಲಿದ್ದರೆ, ಪಿ.ಬಿ. ಶ್ರೀನಿವಾಸರ ಆ ತುಂಬು ದನಿ ಕೊಂಚ ತೆಳುವಾಗಿ ಕೇಳಿಸಿದರೆ, ಇದು 25ರ ನಕಲೆಂದು ತಿಳಿಯುತ್ತೇನೆ. ಆಗ ಚಿತ್ರ, ಧ್ವನಿ ಎರಡನ್ನೂ 24ಕ್ಕೆ ಇಳಿಸುತ್ತೇನೆ. ತಟ್ಟೆಯ ಹಾಡು ಕೆಲವೊಮ್ಮೆ ಬೇರೆಯಾಗಿಯೇ ಧ್ವನಿಮುದ್ರಣಗೊಂಡಿರುವುದರಿಂದ ಒಂದೇ ಹಾಡನ್ನು ನಂಬುವಂತಿಲ್ಲ.

ವೇಗ ಸರಿಪಡಿಸಿದ ಮೇಲೂ ಉಳಿಯುವ ಕೊರತೆಯೇ ನಿಜವಾದ ಕತ್ತರಿ. ರೀಲು ಮುಗಿಯುವ ಕಡೆ ಪರದೆಯ ಬಲಮೇಲ್ತುದಿಯಲ್ಲಿ ಚುಕ್ಕೆ ಮಿಂಚುತ್ತದೆ. ಸವೆದ ಪ್ರಿಂಟಿನಲ್ಲಿ ಹೆಚ್ಚಾಗಿ ಹರಿದುಹೋಗುವುದೂ ರೀಲಿನ ಮೊದಲು ಕೊನೆಗಳೇ. ಮಾತು ಅರ್ಧಕ್ಕೆ ನಿಂತ ಜಾಗ ಅಂಥ ಚುಕ್ಕೆಯ ಪಕ್ಕದಲ್ಲಿದ್ದರೆ ಅದು ಪ್ರಿಂಟಿನದೇ ದೋಷ. ರೀಲಿನ ನಡುವೆ ಇಡೀ ಹಾಡೊಂದು ಮಾಯವಾಗಿದ್ದರೆ ಕ್ಯಾಸೆಟ್ಟಿನ ಅವಧಿಗೆ ಹೊಂದಿಸಲು ಯಾರೋ ತೆಗೆದಿರುವ ಸಂಭವವೇ ಹೆಚ್ಚು. ಹಾಗೆ ತೆಗೆದ ಭಾಗ ವಿಸಿಡಿಯಲ್ಲೋ ದೂರದರ್ಶನದಿಂದ ಮನೆಯವರು ಮುದ್ರಿಸಿಕೊಂಡ ಟೇಪಿನಲ್ಲೋ ಸಿಗುವುದುಂಟು. ವಿಸಿಡಿಯ ಚಿತ್ರ 352×288 ಅಷ್ಟೇ ಆದ್ದರಿಂದ ಮಸುಕಾಗಿರುತ್ತದೆ. ಆದರೂ ಆ ಭಾಗಕ್ಕೆ ಅದನ್ನೇ ಜೋಡಿಸಿ, ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಯಾವ ಮೂಲವೆಂದು ಒಂದು ಪಟ್ಟಿಯಲ್ಲಿ ಬರೆದಿಡುತ್ತೇನೆ.

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಆ ಬಗೆಯ ಕೆಲಸಕ್ಕೆ ನೆಗೆಟಿವ್ ಬೇಕು, ಪ್ರಯೋಗಾಲಯ ಬೇಕು, ದೊಡ್ಡ ಮೊತ್ತ ಬೇಕು. ನನ್ನ ನಕಲು ಅದರ ಹತ್ತಿರಕ್ಕೂ ಸುಳಿಯದು. ಆದರೆ ಯಾವುದಾದರೂ ಚಿತ್ರದ ಪ್ರಿಂಟು ಅರೆಬರೆಯಾಗಿ ಸಿಕ್ಕಿ, ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಹೋಲಿಸಿ ನೋಡಬೇಕಾದವರಿಗೆ ಆ ಪಟ್ಟಿ ಉಪಯೋಗಕ್ಕೆ ಬರುತ್ತದೆಂದು ಅದನ್ನು ಕಡತದ ಜೊತೆಗೇ ಇಟ್ಟಿದ್ದೇನೆ.