ಹಂಚು ಏರಿಸುವ ಮೊದಲು ಪಕಾಸಿನ ಕೆಲಸ

ಮಡಗಾಂವ್ ಸುತ್ತಮುತ್ತ ಹಳೇ ಮನೆಗಳ ಮಾಡು, ಅಂದ್ರೆ ಹಂಚಿನ ಛಾವಣಿ, ಬಿಚ್ಚಿ ಹೊಸದಾಗಿ ಕೂರಿಸುವ ಕೆಲಸ ನನ್ನದು. ಊರು ಅಂಕೋಲಾ ಕಡೆ. ಏಪ್ರಿಲ್-ಮೇ ಬಂತು ಅಂದ್ರೆ ಎಲ್ಲರಿಗೂ ಅವಸರ, ಜೂನ್‌ನಲ್ಲಿ ಮಳೆ ಹಿಡಿಯುತ್ತೆ ಅಲ್ವಾ. ಮನೆಯವರು ಕೇಳೋದು ಒಂದೇ, ಹಂಚು ಯಾವಾಗ ಏರಿಸ್ತೀರಿ? ನಾನು ಮಾತ್ರ ಪಕಾಸು, ಅಂದ್ರೆ ನೆತ್ತಿಯಿಂದ ಗೋಡೆಗೆ ಇಳಿಜಾರಾಗಿ ಇಳಿಯುವ ಮರಗಳು, ಅವನ್ನು ಬಿಟ್ಟು ಕದಲೋದಿಲ್ಲ.

ಇಲ್ಲಿನ ಚಿರೆಕಲ್ಲಿನ ಗೋಡೆಗಳು ಒಂದು ಮೂಲೆಯಲ್ಲಾದರೂ ಕುಸಿದಿರುತ್ತವೆ. ಪೂರ್ತಿ ಮಟ್ಟಕ್ಕೆ ತರ್ತೀನಿ ಅಂತ ಹೊರಟರೆ ಗೋಡೆಯನ್ನೇ ಕಟ್ಟಬೇಕಾಗುತ್ತೆ. ನೆತ್ತಿಯ ತೊಲೆ ಉದ್ದಕ್ಕೆ ಅರ್ಧ ಇಂಚು ಇಳಿದಿದ್ದರೆ ಯಾರ ಕಣ್ಣಿಗೂ ಬೀಳೋದಿಲ್ಲ. ಮಾಡು ತಿರುಚಿಕೊಂಡಿದ್ದರೆ ಮಾತ್ರ ಹಂಚು ಕೂರೋದೇ ಇಲ್ಲ, ಕಾಲಿಟ್ಟರೆ ಟಕಟಕ ಅನ್ನುತ್ತೆ, ಗಾಳಿಮಳೆಗೆ ಸಂದಿಯಲ್ಲಿ ನೀರು ನುಗ್ಗುತ್ತೆ.

ಅದಕ್ಕೇ ಮೊದಲು ಎರಡು ತುದಿಯ ಪಕಾಸು ಕೂರಿಸಿ, ಮೂಲೆಯಿಂದ ಮೂಲೆಗೆ ಎರಡು ನೈಲಾನ್ ದಾರ ಅಡ್ಡಡ್ಡ ಬಿಗಿಯುತ್ತೇನೆ. ಎರಡರ ಅಳತೆಯೂ ಒಂದೇ ಬಂದರೆ ಮಾಡು ಮೂಲೆಮಟ್ಟ. ನಡುವೆ ದಾರಗಳು ಸುಮ್ನೆ ತಾಗಿದರೆ ತಿರುಚಿಲ್ಲ. ಬೆರಳು ತೂರುವಷ್ಟು ಸಂದಿ ಇದ್ದರೆ, ಅಥವಾ ಒಂದು ದಾರ ಇನ್ನೊಂದನ್ನು ಒತ್ತಿದರೆ, ಯಾವುದೋ ಮೂಲೆ ಸರಿ ಇಲ್ಲ. ನಮ್ಮ ಜೊತೆ ಇರುವ ಗದಗಿನ ಹುಡುಗ ನೀರಿನ ಟ್ಯೂಬು ಹಿಡಿದು "ಮಟ್ಟ ಪಕ್ಕಾ ಐತ್ರೀ ಅಣ್ಣಾ" ಅಂದಾಗಲೂ ನಾನು ನೋಡೋದು ಈ ದಾರವನ್ನೇ.

ಆಮೇಲೆ ನಡುವಿನವು. ಒಂದೇ ಹಲಗೆಯಿಂದ ಮೂರು ತುಂಡು ಕೊಯ್ದುಕೊಳ್ಳುತ್ತೇನೆ. ಎರಡನ್ನು ತುದಿ ಪಕಾಸುಗಳ ಮೇಲಿಟ್ಟು ಅವುಗಳ ಮೇಲೆ ದಾರ ಎಳೆಯೋದು, ಮೂರನೆಯದನ್ನು ಪ್ರತಿ ಪಕಾಸಿನ ಮೇಲೂ ದಾರದ ಕೆಳಗೆ ತೂರಿಸೋದು. ದಾರವನ್ನು ಎತ್ತಿದರೆ ಪಕಾಸು ಎತ್ತರ, ಸಂದಿ ಉಳಿದರೆ ತಗ್ಗು. ದಾರ ನೇರವಾಗಿ ಮರಕ್ಕೆ ತಾಗಿಸಿದರೆ ಒಂದು ಉಬ್ಬು ಇಡೀ ದಾರವನ್ನೇ ಎತ್ತಿಬಿಡುತ್ತೆ, ತಪ್ಪು ಯಾವುದರದ್ದು ಅಂತ ತಿಳಿಯೋದಿಲ್ಲ. ಕೆಳಗೆ, ನಡುವೆ, ನೆತ್ತಿ ಹತ್ತಿರ, ಮೂರೂ ಕಡೆ ನೋಡಬೇಕು.

ಎತ್ತರ ಇದ್ದರೆ ಗೋಡೆಪಟ್ಟಿ (ಗೋಡೆ ಮೇಲೆ ಉದ್ದಕ್ಕೆ ಮಲಗಿಸಿದ ಮರ) ಮೇಲೆ ಕೂರುವ ಕಚ್ಚನ್ನು ಉಳಿಯಿಂದ ಸ್ವಲ್ಪ ಆಳ ಮಾಡುತ್ತೇನೆ. ಜಾಸ್ತಿ ಕೊರೆದರೆ ಪಕಾಸಿನ ಶಕ್ತಿ ಹೋಗುತ್ತೆ. ತಗ್ಗಾದರೆ ಮತ್ತಿ ಮರದ ಚಕ್ಕೆ, ಅದೂ ಕಚ್ಚಿನ ಪೂರ್ತಿ ಅಗಲಕ್ಕೆ. ಅಕ್ಕಪಕ್ಕ ಸಣ್ಣ ಚೂರು ತುರುಕುವವರನ್ನು ಕಂಡರೆ ನನಗೆ ಆಗೋದಿಲ್ಲ. ಮರ ಬಾಗಿದ್ದರೆ ಉಬ್ಬು ಯಾವಾಗಲೂ ಮೇಲಕ್ಕೆ, ಭಾರ ಬಿದ್ದ ಮೇಲೆ ಇಳಿಯುತ್ತೆ. ಭಾರವೇನು ಕಡಿಮೆಯೇ? ಚದರ ಮೀಟರಿಗೆ ಸುಮಾರು 15 ಮಂಗಳೂರು ಹಂಚು ಬೇಕು, ಒಂದೊಂದೂ ಎರಡು ಕಿಲೋ ಮೇಲೆ.

ರೀಪು ಅಂದ್ರೆ ಪಕಾಸುಗಳ ಮೇಲೆ ಅಡ್ಡಕ್ಕೆ ಹೊಡೆಯುವ, ಹಂಚು ಕೂರುವ ಪಟ್ಟಿ. ಅದರ ಅಂತರಕ್ಕೆ ಪುಸ್ತಕದ ಲೆಕ್ಕ ಹಿಡಿಯಬೇಡಿ. ಹಳೇ ಹಂಚು ಮತ್ತೆ ಹಾಕುವಾಗ ಕಾರ್ಖಾನೆಗೊಂದು ಅಳತೆ. ಹತ್ತಾರು ಹಂಚು ನೆಲದ ಮೇಲೆ ಒಂದಕ್ಕೊಂದು ಕಚ್ಚಿಸಿಟ್ಟು, ಒಮ್ಮೆ ಪೂರ್ತಿ ಎಳೆದು, ಒಮ್ಮೆ ಪೂರ್ತಿ ಒತ್ತಿ ಅಳೆದು, ನಡುವಿನ ಅಳತೆ ತಗೊಳ್ಳಿ. ಸೂರಿನ ಮೊದಲ ರೀಪನ್ನು ಮಾತ್ರ ಹಂಚಿನ ದಪ್ಪದಷ್ಟು ಎತ್ತರ ಇಡಿ. ಅಲ್ಲಿ ಕೆಳಗೆ ಇನ್ನೊಂದು ಹಂಚು ಇರೋದಿಲ್ಲ, ಹಾಗೇ ಬಿಟ್ಟರೆ ಮೊದಲ ಸಾಲೇ ಮುಂದಕ್ಕೆ ಮುಗ್ಗರಿಸುತ್ತೆ.